ಪಾನಗೃಹದ ಧರ್ಮ

ಮದ್ಯ ಸೇವಿಸಬಹುದೇ ಬಾರದೇ ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರ, ವೈದ್ಯಶಾಸ್ತ್ರ ಮತ್ತು ತಂತ್ರಶಾಸ್ತ್ರಗಳು ಬಹುಕಾಲದಿಂದ ಚರ್ಚಿಸುತ್ತ ಬಂದಿವೆ. ಆದರೆ ಮದ್ಯ ಮಾರುವ ಸ್ಥಳವೊಂದನ್ನು ಒಳ್ಳೆಯದೆಂದು ಕರೆಯಲು ಸಾಧ್ಯವೇ, ಸಾಧ್ಯವಾದರೆ ಅದರ ಲಕ್ಷಣವೇನು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ರಾತ್ರಿಯ ಊಟ ಮುಗಿಸಿದ ಸಹೋದ್ಯೋಗಿಗಳು ಇನ್ನೊಂದು ಗಂಟೆ ಕೂತು ಮಾತಾಡಲು ಒಳ್ಳೆಯ ಕಾಕ್‌ಟೇಲ್ ಬಾರ್ ಎಲ್ಲಿದೆಯೆಂದು ವಿಚಾರಿಸುವಾಗ, ಅವರಿಗೆ ಅರಿವಿಲ್ಲದೆಯೇ ಈ ಪ್ರಶ್ನೆ ಅವರ ಮುಂದಿರುತ್ತದೆ.

ನಗರದ ಪೂರ್ವದ ಜೌಗು ನೆಲವನ್ನು ಹೂಗ್ಲಿ ನದಿಯ ಹೂಳಿನಿಂದ ತುಂಬಿಸಿ, ಯುಗೊಸ್ಲಾವಿಯದ ವಾಸ್ತುಶಿಲ್ಪಿ ದೊಬ್ರಿವೊಯೆ ತೋಶ್ಕೊವಿಚ್ ಅವರ ಯೋಜನೆಯಂತೆ 1960ರ ದಶಕದಿಂದ ಕಟ್ಟಲಾದ ಸಾಲ್ಟ್ ಲೇಕ್ ಉಪನಗರದ ಐದನೆಯ ವಿಭಾಗವೇ ಸೆಕ್ಟರ್ ಫೈವ್. ಮೊದಲಿನಿಂದಲೂ ಉದ್ಯಮಕ್ಕೆ ಮೀಸಲಾಗಿದ್ದ ಈ ಪ್ರದೇಶ ಈಗ ಮಾಹಿತಿ ತಂತ್ರಜ್ಞಾನದ ಕಚೇರಿಗಳಿಂದ ತುಂಬಿದೆ; 2020ರ ಫೆಬ್ರುವರಿಯಲ್ಲಿ ಇಲ್ಲಿಗೆ ಮೆಟ್ರೊ ಕೂಡ ಬಂದಿತು. ಉತ್ತರ ಕೋಲ್ಕತ್ತದ ಹಳೆಯ ಕೇರಿಗಳಲ್ಲಿ ಮನೆಯ ಮುಂದಿನ ಜಗಲಿಯೇ ಅಡ್ಡಾದ ತಾಣ. ಅಡ್ಡಾ ಎಂದರೆ ಚಹಾ ಕುಡಿಯುತ್ತ ಯಾವ ಉದ್ದೇಶವೂ ಇಲ್ಲದೆ ನಡೆಯುವ ಸ್ನೇಹಿತರ ದೀರ್ಘ ಮಾತುಕತೆ. ಕಚೇರಿಗಳೇ ತುಂಬಿದ ಸೆಕ್ಟರ್ ಫೈವ್‌ನಲ್ಲಿ ಅಂಥ ಜಗಲಿಗಳಿಲ್ಲ. ಬೇರೆ ಊರುಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸಿದವರಿಗೆ ಮೊದಲು ಬೇಕಾಗಿರುವುದು ಗೋಷ್ಠಿ, ಮದ್ಯವಲ್ಲ. ಆದರೆ ರಾತ್ರಿ ಹತ್ತರ ಹೊತ್ತಿಗೆ ಗೋಷ್ಠಿಗೆ ಬಾಗಿಲು ತೆರೆದಿರುವ ಸ್ಥಳ ಹೆಚ್ಚಾಗಿ ಮದ್ಯ ಮಾರುವ ಸ್ಥಳವೇ ಆಗಿರುತ್ತದೆ.

ಗೋಷ್ಠಿಗೂ ಪಾನಕ್ಕೂ ಇರುವ ಈ ನಂಟು ಹೊಸದಲ್ಲ. ವಾತ್ಸ್ಯಾಯನನ ಕಾಮಸೂತ್ರವು ನಾಗರಿಕನ, ಅಂದರೆ ನಗರವಾಸಿ ರಸಿಕನ, ದಿನಚರಿಯಲ್ಲಿ ಗೋಷ್ಠಿಯನ್ನೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕೂಡಿ ನಡೆಸುವ ಪಾನಕೂಟವನ್ನೂ ಸೇರಿಸಿದೆ. ದಂಡಿಯು ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ಹೇಳುವಾಗ ಮಧುಪಾನವನ್ನು ಬಿಟ್ಟಿಲ್ಲ. ಇದಕ್ಕೆ ವಿರುದ್ಧವಾಗಿ ಮನುಸ್ಮೃತಿ ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸುತ್ತದೆ. ಆದರೂ ಅದೇ ಗ್ರಂಥ ಮತ್ತೊಂದೆಡೆ ಮದ್ಯದ ಕಡೆಗಿನ ಒಲವು ಜೀವಿಗಳಿಗೆ ಸಹಜವೆಂದೂ ಅದರಿಂದ ಹಿಂದೆ ಸರಿಯುವುದು ಮಹಾಫಲವನ್ನು ಕೊಡುತ್ತದೆಂದೂ ಹೇಳುತ್ತದೆ. ಇಲ್ಲಿ ನಿವೃತ್ತಿಗೆ, ಎಂದರೆ ತಾನಾಗಿ ಹಿಂದೆ ಸರಿಯುವ ಶಕ್ತಿಗೆ, ಸಂದಿರುವ ಮನ್ನಣೆಯನ್ನು ವಿಶೇಷವಾಗಿ ಗಮನಿಸಬೇಕು.

ಆಯುರ್ವೇದ ಈ ಶಕ್ತಿಯನ್ನು ದೇಹದ ನೆಲೆಯಲ್ಲಿ ವಿವರಿಸುತ್ತದೆ. ಆಹಾರದ ಜೊತೆಗೆ ಅಥವಾ ಅದರ ನಂತರ ಸೇವಿಸುವ ಪಾನೀಯವನ್ನು ಅನುಪಾನ ಎನ್ನುತ್ತಾರೆ. ಚರಕಸಂಹಿತೆಯು ಕೆಲವು ಸಂದರ್ಭಗಳಲ್ಲಿ ಮದ್ಯವನ್ನೂ ಅನುಪಾನವಾಗಿ ಹೇಳಿದೆ. ಅದೇ ಸಂಹಿತೆಯ ಮದಾತ್ಯಯ ಪ್ರಕರಣ, ಅಂದರೆ ಅತಿಪಾನದಿಂದ ಬರುವ ರೋಗಗಳ ಅಧ್ಯಾಯ, ಮದವನ್ನು ಮೂರು ಹಂತಗಳಲ್ಲಿ ವಿವರಿಸುತ್ತದೆ: ಮೊದಲನೆಯದರಲ್ಲಿ ಹರ್ಷವಿದ್ದು ಬುದ್ಧಿ ಕೆಡುವುದಿಲ್ಲ, ಎರಡನೆಯದರಲ್ಲಿ ಸ್ಮೃತಿ ಕದಡುತ್ತದೆ, ಮೂರನೆಯದರಲ್ಲಿ ಮನುಷ್ಯ ಮುರಿದ ಮರದಂತೆ ಬೀಳುತ್ತಾನೆ. ಕಾಕ್‌ಟೇಲ್ ಈ ಹಂತಗಳ ನಡುವಿನ ಗಡಿಯನ್ನು ಮಸುಕಾಗಿಸುತ್ತದೆ. ಬಾರ್‌ಟೆಂಡರ್ ಕೈಯಲ್ಲಿ ಡಮರುಗದ ಆಕಾರದ ಪುಟ್ಟ ಲೋಹದ ಅಳತೆಯಿರುತ್ತದೆ, ಅದರ ಒಂದು ಬದಿಗೆ 30, ಇನ್ನೊಂದು ಬದಿಗೆ 60 ಮಿಲಿಲೀಟರ್ ಹಿಡಿಯುತ್ತದೆ; ಅದರಲ್ಲಿ ಅಳೆದ ಎರಡು ಮೂರು ಬಗೆಯ ಮದ್ಯಕ್ಕೆ ನಿಂಬೆರಸ, ಸಕ್ಕರೆ ಪಾಕ ಮತ್ತು ಮಂಜುಗಡ್ಡೆ ಸೇರಿದಾಗ ನಾಲಿಗೆಗೆ ಮದ್ಯದ ಖಾರ ತಿಳಿಯುವುದಿಲ್ಲ. ಹೊಟ್ಟೆ ತುಂಬಿರುವಾಗ ಮದ್ಯ ರಕ್ತಕ್ಕೆ ನಿಧಾನವಾಗಿ ಸೇರುವುದರಿಂದ, ಊಟದ ನಂತರ ಕುಡಿದವನು ಇನ್ನೂ ಏರಿಲ್ಲವೆಂದುಕೊಂಡು ಮತ್ತೊಂದನ್ನು ತರಿಸುವುದು ಸುಲಭ. ಆರೋಗ್ಯದ ದೃಷ್ಟಿಯಿಂದ ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವುದರಿಂದ, ಅನುಪಾನದ ಹಳೆಯ ಅನುಮತಿಯನ್ನು ಇಂದು ಔಷಧಿಯ ಚೀಟಿಯಂತೆ ಬಳಸಲಾಗದು.

ಶಾಕ್ತಪಂಥ ಆಳವಾಗಿ ಬೇರೂರಿದ ಬಂಗಾಳದಲ್ಲಿ ಈ ಚರ್ಚೆಗೆ ಬೇರೊಂದು ಆಯಾಮವಿದೆ. ಮದ್ಯ, ಮಾಂಸ, ಮತ್ಸ್ಯ, ಮುದ್ರೆ, ಮೈಥುನಗಳೆಂಬ ಪಂಚಮಕಾರಗಳನ್ನು ಸಾಧನೆಯ ಅಂಗವಾಗಿ ಸ್ವೀಕರಿಸಿದ ತಂತ್ರಮಾರ್ಗವೇ, ಕುಡಿಯುವುದರಿಂದಲೇ ಸಿದ್ಧಿ ದೊರೆಯುವುದಾದರೆ ಕುಡುಕರೆಲ್ಲರೂ ಸಿದ್ಧರಾಗಬೇಕಿತ್ತೆಂದು ಕುಲಾರ್ಣವತಂತ್ರದಲ್ಲಿ ಎಚ್ಚರಿಸಿದೆ. ಮೈಕೇಲ್ ಮಧುಸೂದನ ದತ್ತ 1860ರಲ್ಲಿ ಪ್ರಕಟಿಸಿದ ‘ಏಕೇಇ ಕಿ ಬಲೇ ಸಭ್ಯತಾ’ ಪ್ರಹಸನದಲ್ಲಿ, ಜ್ಞಾನದ ಹೆಸರಿನಲ್ಲಿ ಸಭೆ ಕಟ್ಟಿಕೊಂಡು ಕುಡಿಯುವ ತರುಣರು ಸ್ವಾತಂತ್ರ್ಯದ ಮಾತನ್ನೇ ಆಡುತ್ತಾರೆ. ಮುಂದೆ 1863ರಲ್ಲಿ ಪ್ಯಾರಿಚರಣ ಸರ್ಕಾರರು ಕೋಲ್ಕತ್ತದಲ್ಲಿ ಪಾನವಿರೋಧಿ ಸಂಘವನ್ನು ಸ್ಥಾಪಿಸಿದರು. ಸಾಧಕ, ನಾಟಕಕಾರ, ಸುಧಾರಕ ಮೂವರ ದಾರಿ ಬೇರೆಬೇರೆಯಾದರೂ ತನ್ನ ಮೇಲಿನ ಹಿಡಿತವನ್ನು ಕಳೆದುಕೊಂಡವನಿಗೆ ಸ್ವಾತಂತ್ರ್ಯವಿಲ್ಲ ಎಂಬ ವಿಷಯದಲ್ಲಿ ಭೇದವಿಲ್ಲ.

ಹೊಣೆ ಕುಡಿಯುವವನದು ಮಾತ್ರವೇ? ಅಲ್ಲವೆಂದು ಕೌಟಿಲ್ಯನ ಅರ್ಥಶಾಸ್ತ್ರ ಉತ್ತರಿಸುತ್ತದೆ. ಅದರ ಸುರಾಧ್ಯಕ್ಷ ಪ್ರಕರಣದಂತೆ ಪಾನಾಗಾರದಲ್ಲಿ ಹಲವು ಕೋಣೆಗಳು, ಪ್ರತ್ಯೇಕ ಹಾಸಿಗೆ ಮತ್ತು ಆಸನಗಳು, ಗಂಧ, ಹೂಮಾಲೆ, ನೀರು ಇರಬೇಕು, ಎಲ್ಲ ಋತುಗಳಲ್ಲೂ ಅದು ಹಿತವಾಗಿರಬೇಕು. ಅದಕ್ಕಿಂತ ಮಹತ್ವದ ನಿಯಮ ಇನ್ನೊಂದಿದೆ: ಮತ್ತನಾದ ಗ್ರಾಹಕನ ಆಭರಣ, ವಸ್ತ್ರ ಅಥವಾ ಹಣ ಅಲ್ಲಿ ಕಳೆದುಹೋದರೆ ಅಂಗಡಿಯವನು ಅದನ್ನು ತುಂಬಿಕೊಡುವುದಲ್ಲದೆ ಅಷ್ಟೇ ದಂಡವನ್ನೂ ತೆರಬೇಕು. ಅಮಲೇರಿಸಿ ಲಾಭ ಪಡೆದವನೇ ಅಮಲೇರಿದವನ ರಕ್ಷಣೆಗೂ ಬಾಧ್ಯನೆಂಬ ಈ ತತ್ತ್ವ, ಪಾನಗೃಹವನ್ನು ವ್ಯಾಪಾರದ ನೆಲೆಯಿಂದ ಧರ್ಮದ ನೆಲೆಗೆ ಎತ್ತುತ್ತದೆ. ಕನ್ನಡದ ಶರಣಪರಂಪರೆಯಲ್ಲಿ ಇದಕ್ಕಿಂತಲೂ ಮುಂದೆ ಹೋದವನು ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ. ಹೆಂಡ ಮಾರುವುದನ್ನೇ ಕಾಯಕವಾಗಿ ಹೊಂದಿದ್ದ ಆತ ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ತಿಳಿಸಿ ಹೇಳುತ್ತಿದ್ದನೆಂದು ಪರಂಪರೆ ನೆನೆಯುತ್ತದೆ.

ಈ ಎಲ್ಲ ವಿಚಾರಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ದೀಪಗಳ ಬಣ್ಣ, ಸಂಗೀತ, ಪಾನೀಯಗಳ ಪಟ್ಟಿಯ ಉದ್ದ ಇವುಗಳಿಂದ ಬಾರ್ ಒಳ್ಳೆಯದಾಗುವುದಿಲ್ಲ. ಕುಡಿಯದವನಿಗೂ ನಿಂಬೆ ಶರಬತ್ತಿನೊಡನೆ ಸಮಾನ ಮರ್ಯಾದೆಯ ಆಸನ ಸಿಗುವ, ಮದ್ಯದ ಅಳತೆಯನ್ನು ಮರೆಮಾಡದ, ಪಶ್ಚಿಮ ಬಂಗಾಳದ ಕಾನೂನಿನಂತೆ 21 ವರ್ಷ ತುಂಬದವರಿಗೆ ಮದ್ಯ ಕೊಡದ, ಮಿತಿ ಮೀರಿದವನಿಗೆ ಮತ್ತೊಂದು ಲೋಟ ತುಂಬಿಸದೆ ಅವನನ್ನು ಸ್ಟೀರಿಂಗ್ ಹಿಡಿಯಗೊಡದೆ ಮನೆಗೆ ಕಳುಹಿಸುವ ಸ್ಥಳ ಮಾತ್ರ ಆ ಹೆಸರಿಗೆ ಅರ್ಹ. ಸೆಕ್ಟರ್ ಫೈವ್‌ನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಊಟದ ನಂತರ ಅಂಥ ಸ್ಥಳವನ್ನು ಹುಡುಕುವವರು ಮೊದಲು ಪರೀಕ್ಷಿಸಬೇಕಾದುದು ಒಂದೇ: ಅಲ್ಲಿ ‘ಸಾಕು’ ಎಂದವನ ಮಾತಿಗೆ ಬೆಲೆಯಿದೆಯೇ? ಇಲ್ಲವಾದರೆ ಗೆಳೆಯರೊಡನೆ ಅಲ್ಲಿಂದ ಎದ್ದು ಬರುವುದೇ ಸರಿ.