ಅಮೃತಮತಿಯನ್ನು ಕೇಳಿದವರಿಲ್ಲ

ಕನ್ನಡ ಕಾವ್ಯದ ಕೆಟ್ಟವರಲ್ಲಿ ಹೆಚ್ಚಿನವರಿಗೆ ಯಾರಾದರೊಬ್ಬ ಕವಿ ವಕಾಲತ್ತು ವಹಿಸಿದ್ದಾನೆ. ದುರ್ಯೋಧನನ ಕಡೆಗೆ ರನ್ನ ನಿಂತ. ರಾವಣನ ಕಡೆಗೆ ನಾಗಚಂದ್ರ. ಸಾವಿರಾರು ವರ್ಷ ಬೈಗುಳ ತಿಂದ ಮಂಥರೆಗೂ ಕೊನೆಗೆ ಕುವೆಂಪು ಸಿಕ್ಕರು. ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿಗೆ ಮಾತ್ರ ಆ ಭಾಗ್ಯ ಬೇಗ ಬರಲಿಲ್ಲ. ಗಂಡನನ್ನು ಬಿಟ್ಟು ಮಾವುತನ ಹಿಂದೆ ಹೋದವಳು, ಆಮೇಲೆ ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಇಂಥವಳ ಪರವಾಗಿ ಯಾರು ಬಾಯಿ ಬಿಟ್ಟಾರು?

ಕಥೆ ಜನ್ನನದಲ್ಲ. ಅವನಿಗಿಂತ ಮೊದಲೇ ಸೋಮದೇವಸೂರಿ, ವಾದಿರಾಜ ಸಂಸ್ಕೃತದಲ್ಲಿ, ಪುಷ್ಪದಂತ ಅಪಭ್ರಂಶದಲ್ಲಿ ಹೇಳಿದ್ದರು. ಜೈನರ ಮನೆಮಾತಾಗಿದ್ದ ಆ ಕಥೆಯನ್ನು ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ಕನ್ನಡಕ್ಕೆ ತಂದ. ನಾಲ್ಕು ಅವತಾರ, ಮುನ್ನೂರಕ್ಕೆ ತುಸು ಮೇಲ್ಪಟ್ಟ ಪದ್ಯ, ಬಹುಪಾಲು ಕಂದ. ಪಂಪ ರನ್ನರ ಚಂಪುಗಳ ಎದುರಿಗಿಟ್ಟರೆ ಕೈಹೊತ್ತಿಗೆ. ಕಾವ್ಯದ ಉದ್ದೇಶವೂ ಮುಚ್ಚಿಟ್ಟದ್ದಲ್ಲ: ಸಂಕಲ್ಪದಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ, ಹಿಟ್ಟಿನ ಕೋಳಿಯನ್ನು ಕಡಿದರೂ ಪಾಪ ಸುತ್ತಿಕೊಳ್ಳುತ್ತದೆ ಎಂದು ತೋರಿಸುವುದು. ಅಮೃತಮತಿ ಆ ಪಾಠಕ್ಕೆ ಬೇಕಾದ ಕಿಡಿ, ಅಷ್ಟೇ. ಕಿಡಿಯ ಸುಖದುಃಖ ವಿಚಾರಿಸುವ ಹೊಣೆ ಕಥೆಗಿರಲಿಲ್ಲ. ಆದರೂ ಜನ್ನ ವಿಚಾರಿಸಿದ್ದಾನೆ ಅನ್ನುವುದೇ ನನಗೆ ಮತ್ತೆ ಮತ್ತೆ ಕಾಣುವುದು.

ಉಜ್ಜಯಿನಿಯ ಅರಮನೆ. ಬೆಳಗಿನ ಜಾವ ಆನೆಲಾಯದ ಕಡೆಯಿಂದ ಒಂದು ಹಾಡು ತೇಲಿ ಬರುತ್ತದೆ. ರಾಜ ಯಶೋಧರನ ಪಕ್ಕದಲ್ಲಿ ಮಲಗಿದ್ದ ರಾಣಿ ಕೇಳುತ್ತಾಳೆ, ಸೋಲುತ್ತಾಳೆ. ಹಾಡಿದವನು ಯಾರೆಂದು ನೋಡಿಬರಲು ಕೆಳದಿಯನ್ನು ಅಟ್ಟುತ್ತಾಳೆ. ಹೋದವಳು ಮೂಗು ಮುರಿದುಕೊಂಡು ಬರುತ್ತಾಳೆ. ಅವನು ಅಷ್ಟವಂಕನೆಂಬ ಮಾವುತ, ಮೈಯ ಒಂದೊಂದು ಅಂಗವೂ ಸೊಟ್ಟ. ಆ ಕುರೂಪದ ವರ್ಣನೆಗೆ ಜನ್ನ ಕೈ ಬಿಗಿಹಿಡಿದಿಲ್ಲ, ಓದುಗ ಹೇಸಿಕೊಳ್ಳಲಿ ಎಂದೇ ಬರೆದಂತಿದೆ. ಆದರೆ ರಾಣಿ ಹೇಸುವುದಿಲ್ಲ. ಒಲಿದ ಮೇಲೆ ರೂಪದ ಗೊಡವೆ ಯಾಕೆ ಎಂಬರ್ಥದ ಅವಳ ಉತ್ತರದ ಮುಂದೆ ಕೆಳದಿಗೆ ತಿರುಗಿ ಹೇಳಲು ಮಾತೇ ಇರುವುದಿಲ್ಲ. ನೀತಿ ಹೇಳಲು ಕೂತ ಕವಿ ಪಾಪಿಯ ಬಾಯಲ್ಲಿ ಇಷ್ಟು ಗಟ್ಟಿಯಾದ ಮಾತಿಡಬೇಕಾಗಿರಲಿಲ್ಲ. ಇಟ್ಟ. ಆ ಅರಮನೆಯಲ್ಲಿ ಅಷ್ಟು ಜನ ಇದ್ದರಲ್ಲ, ಆ ಹಾಡು ಅವರಾರ ಕಿವಿಗೂ ಬಿದ್ದಿರಲಿಲ್ಲವೆ? ಬಿದ್ದಿರಬೇಕು. ಮಾವುತನ ಹಾಡನ್ನು ಹಾಡೆಂದು ಕೇಳಿಸಿಕೊಂಡವಳು ಇವಳೊಬ್ಬಳು.

ಇಲ್ಲಿಗೇ ನಿಲ್ಲಿಸಿದರೆ ಅಮೃತಮತಿಯನ್ನು ಪ್ರೀತಿಸುವುದು ಕಷ್ಟವಲ್ಲ. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಣಿಗೆ ಕೊಟ್ಟ ನೆಲೆ ಇಲ್ಲಿಂದಲೇ ಹುಟ್ಟಿದ್ದು. ಕಾರ್ನಾಡರ ರಾಣಿಯ ಪರವಾಗಿ ನಿಲ್ಲುವುದು ನಮ್ಮ ಕಾಲಕ್ಕೆ ಸಲೀಸು. ಜನ್ನನ ಅಮೃತಮತಿ ಹಾಗೆ ಕೈಗೆ ಸಿಗುವವಳಲ್ಲ. ಏಕೆಂದರೆ ಅವಳು ಹೋಗಿ ಸೇರಿದ್ದು ಸುಖದ ಕಡೆಗಲ್ಲ. ಒಂದು ರಾತ್ರಿ ತಡವಾಗಿ ಹೋದಳೆಂದು ಅಷ್ಟವಂಕ ಅವಳ ಮುಡಿ ಹಿಡಿದೆಳೆದು ಹೊಡೆಯುತ್ತಾನೆ, ಒದೆಯುತ್ತಾನೆ. ಅವಳು ಅವನ ಕಾಲು ಹಿಡಿದು, ರಾಜ ಬಿಡಲಿಲ್ಲ, ಅದಕ್ಕೇ ತಡವಾಯಿತು ಎಂದು ಗೋಗರೆಯುತ್ತಾಳೆ. ಇದನ್ನು ಬಿಡುಗಡೆಯ ಕಥೆ ಎಂದು ಓದಲು ಹೊರಟವರ ಬಾಯಿ ಇಲ್ಲಿ ಕಟ್ಟಿಹೋಗುತ್ತದೆ. ಒಬ್ಬ ಹಾಸಿಗೆಯಿಂದ ಏಳಗೊಡುವುದಿಲ್ಲ, ಇನ್ನೊಬ್ಬ ಎದ್ದು ಬಂದದ್ದು ತಡವೆಂದು ಒದೆಯುತ್ತಾನೆ. ಅವಳ ಹೊತ್ತು ತನ್ನದು ಎಂಬ ಬಗ್ಗೆ ಇಬ್ಬರಿಗೂ ಸಂಶಯವಿಲ್ಲ. ಹೆಣ್ಣಿನ ಮನಸ್ಸು ಕೀಳನ್ನೇ ಬಯಸುತ್ತದೆ ಎಂದು ಹಳೆಯ ಓದುಗರು ಇದಕ್ಕೆ ಷರಾ ಬರೆದರು. ರಾತ್ರಿಯೆಲ್ಲ ಎರಡು ಕಡೆ ಲೆಕ್ಕ ಒಪ್ಪಿಸುತ್ತಿದ್ದ ಒಬ್ಬ ಹೆಂಗಸು ಅವರಿಗೆ ಕಾಣಲಿಲ್ಲ.

ಅಷ್ಟು ಹೊತ್ತಿಗೆ ಯಶೋಧರ ಅವಳ ಹಿಂದೆಯೇ ಬಂದು ಕತ್ತಲಲ್ಲಿ ನಿಂತಿದ್ದಾನೆ. ಕತ್ತಿ ಹಿರಿಯುತ್ತಾನೆ. ಆಮೇಲೆ, ಇಂಥ ಹೆಣ್ಣನ್ನೂ ಇಂಥ ಹೀನನನ್ನೂ ಕೊಂದರೆ ತನ್ನ ಕತ್ತಿಗೇ ಕಳಂಕ ಎಂದುಕೊಂಡು ಒರೆಗೆ ಸೇರಿಸುತ್ತಾನೆ, ಹೋಗಿ ಮಲಗುತ್ತಾನೆ. ಅವಳೂ ಬಂದು ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ಮಲಗುತ್ತಾಳೆ. ಕೈತಡೆದ ರಾಜನ ಸಂಯಮವನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಲಿ. ಕೊಲ್ಲದೆ ಬಿಟ್ಟವನು ಕೇಳದೆಯೂ ಬಿಟ್ಟ ಎಂಬುದನ್ನು ಅದರ ಜೊತೆಗೇ ಬರೆದಿಡಬೇಕು.

ಮುಂದಿನ ದೃಶ್ಯ ಇಡೀ ಕಾವ್ಯದಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವಂಥದು. ಅದರಲ್ಲಿ ಇರುವುದು ಒಂದು ಹೂವು ಮಾತ್ರ. ಯಶೋಧರ ಸರಸವಾಡುವವನಂತೆ ನೆಯ್ದಿಲ ಹೂವಿನಿಂದ ಹೆಂಡತಿಯನ್ನು ಹೊಡೆಯುತ್ತಾನೆ. ಅವಳು ಮೂರ್ಛೆ ಹೋಗುತ್ತಾಳೆ. ಸುತ್ತಲಿದ್ದವರು ಉಪಚರಿಸಿ ಎಬ್ಬಿಸುತ್ತಾರೆ. ನೀನು ಸಾಯುವುದರಲ್ಲಿದ್ದೆ, ಹೇಗೋ ಉಳಿದುಕೊಂಡೆ ಎಂಬಂತೆ ರಾಜ ಚುಚ್ಚಿ ಮಾತಾಡುತ್ತಾನೆ. ವ್ಯಂಗ್ಯ ಎಲ್ಲರಿಗೂ ಗೊತ್ತು: ರಾತ್ರಿ ಮಾವುತನ ಒದೆ ತಿಂದು ಜಗ್ಗದವಳು ಹಗಲು ಹೂವಿನ ಪೆಟ್ಟಿಗೆ ಬಿದ್ದಳು, ಎಂಥ ನಾಟಕ! ಪಾಠ ಹೇಳುವವರು ಇಲ್ಲಿ ನಿಲ್ಲಿಸಿ ನಗುತ್ತಾರೆ, ಕೇಳುವವರೂ ನಗುತ್ತಾರೆ.

ನಾಟಕವೇ ಇರಬಹುದು. ಆದರೆ ಇನ್ನೊಂದು ರೀತಿಯಲ್ಲಿ ನೋಡಿ. ಗಂಡ ಕೈಯೆತ್ತಿದ್ದಾನೆ, ಕೈಯಲ್ಲಿ ಹೂವಿದೆ, ಮುಖದಲ್ಲಿ ನಿನ್ನೆಯವರೆಗೂ ಇಲ್ಲದ್ದೇನೋ ಇದೆ. ಹಾಡಿನಲ್ಲಿ ಮನುಷ್ಯನನ್ನು ಕಂಡುಕೊಳ್ಳಬಲ್ಲ ಹೆಂಗಸಿಗೆ ಒಂದು ಏಟಿನಲ್ಲಿ ಸಿಟ್ಟು ಗುರುತು ಸಿಗದೆ ಇರುತ್ತದೆಯೆ? ಇವನಿಗೆ ಗೊತ್ತಾಗಿದೆ ಎಂದು ಅವಳಿಗೆ ಆ ಕ್ಷಣದಲ್ಲಿ ಹೊಳೆದಿದ್ದರೆ, ಅವಳನ್ನು ಕೆಡವಿದ್ದು ನೆಯ್ದಿಲಲ್ಲ. ಜನ್ನ ಹೀಗೆಂದು ಹೇಳುವುದಿಲ್ಲ, ಹಾಗಲ್ಲವೆಂದೂ ಹೇಳುವುದಿಲ್ಲ. ಮಾವುತನ ಒದೆಯಲ್ಲಿ ಮುಚ್ಚುಮರೆ ಇರಲಿಲ್ಲ. ಏಕೆ ಬಿತ್ತೆಂದು ತಿಳಿದಿತ್ತು, ಕಾಲು ಹಿಡಿಯಬಹುದಿತ್ತು. ನಗುನಗುತ್ತ ಬಿದ್ದ ಹೂವಿಗೆ ಯಾರ ಕಾಲು ಹಿಡಿಯಬೇಕು?

ಅಲ್ಲಿಂದ ಮುಂದೆ ಸುಳ್ಳುಗಳ ಸಾಲು. ಮಗನ ಮುಖ ಬಾಡಿದ್ದು ಕಂಡು ತಾಯಿ ಚಂದ್ರಮತಿ ಕಾರಣ ಕೇಳಿದರೆ ಯಶೋಧರ ಕೆಟ್ಟ ಕನಸು ಬಿತ್ತೆಂದು ಹೇಳಿ ಜಾರಿಕೊಳ್ಳುತ್ತಾನೆ. ಕನಸಿನ ದೋಷಕ್ಕೆ ಚಂಡಮಾರಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಪ್ರಾಣಿಬಲಿ ಬೇಡವೆಂದು ಮಗ, ಬೇಕೇ ಬೇಕೆಂದು ತಾಯಿ. ಕೊನೆಗೆ ಇಬ್ಬರೂ ಒಪ್ಪಿದ್ದು ಹಿಟ್ಟಿನ ಕೋಳಿಗೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿತು, ಒಳಗೆ ಬೆಂತರವೊಂದು ಸೇರಿಕೊಂಡಿತ್ತು. ಈ ಸರಪಳಿಯ ಮೊದಲ ಕೊಂಡಿ ರಾಣಿಯ ಜಾರತನ ಎಂದೇ ಎಲ್ಲರ ಎಣಿಕೆ. ನನ್ನ ಎಣಿಕೆಯಲ್ಲಿ ಅದು ಎರಡು ಹೆಜ್ಜೆ ಈಚೆಗಿದೆ. ಕೋಳಿಯ ಕುತ್ತಿಗೆಗೆ ಬಂದದ್ದು ಅವಳು ಆನೆಲಾಯಕ್ಕೆ ಹೋದದ್ದರಿಂದಲ್ಲ, ಅವನು ಇಲ್ಲದ ಕನಸನ್ನು ಕಟ್ಟಿದ್ದರಿಂದ.

ಇನ್ನು ವಿಷ. ಇದಕ್ಕೆ ಸಮರ್ಥನೆಯಿಲ್ಲ, ನಾನು ಹುಡುಕಲೂ ಹೋಗುವುದಿಲ್ಲ. ರಾಜ್ಯವನ್ನು ಮಗ ಯಶೋಮತಿಗೆ ಒಪ್ಪಿಸಿ ಕಾಡಿಗೆ ಹೋಗಲು ಯಶೋಧರ ಸಿದ್ಧನಾಗಿದ್ದಾನೆ. ಅಮೃತಮತಿ ಅವನನ್ನೂ ಅತ್ತೆಯನ್ನೂ ಊಟಕ್ಕೆ ಕರೆದು ಕೊಲ್ಲುತ್ತಾಳೆ. ಸೋಜಿಗವೆಂದರೆ ಅವಳಿಗೆ ಇದರ ಅಗತ್ಯವೇ ಇರಲಿಲ್ಲ. ಸ್ವಲ್ಪ ಕಾದಿದ್ದರೆ ಅವನು ತಾನಾಗಿಯೇ ಹೊರಟುಹೋಗುತ್ತಿದ್ದ, ಅವಳ ದಾರಿ ತೆರವಾಗುತ್ತಿತ್ತು. ಲೆಕ್ಕಾಚಾರದ ಹೆಂಗಸಾಗಿದ್ದರೆ ಕಾಯುತ್ತಿದ್ದಳು. ಕಾಯದೆ ಇದ್ದದ್ದು ಹೆದರಿಕೆ. ಎಲ್ಲ ಗೊತ್ತಿದ್ದೂ ಏನೂ ಅನ್ನದೆ ನಗುವ ಮನುಷ್ಯನ ಜೊತೆ ಒಂದೇ ಸೂರಿನ ಕೆಳಗೆ ಇದ್ದವರಿಗೆ, ಅವನು ನಾಳೆ ಹೋಗುತ್ತೇನೆಂದರೂ ನಂಬಿಕೆ ಬರುವುದಿಲ್ಲ. ಅಪರಾಧ ಇದರಿಂದ ಚಿಕ್ಕದಾಗುವುದಿಲ್ಲ, ಅದು ಹುಟ್ಟಿದ ಮನಸ್ಸು ಮಾತ್ರ ಸ್ವಲ್ಪ ಕಾಣುತ್ತದೆ.

ಜನ್ನನಿಗೆ ಇಂಥ ಮನಸ್ಸು ಗೊತ್ತಿಲ್ಲದ್ದಲ್ಲ. 1230ರ ‘ಅನಂತನಾಥ ಪುರಾಣ’ದಲ್ಲಿ ಚಂಡಶಾಸನನ ಕಥೆ ಬರುತ್ತದೆ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದವನು ಗೆಳೆಯನ ಹೆಂಡತಿ ಸುನಂದೆಗೆ ಮರುಳಾಗಿ ಅವಳನ್ನು ಹೊತ್ತೊಯ್ಯುತ್ತಾನೆ. ಗಂಡ ಸತ್ತನೆಂದು ನಂಬಿಸಲು ಕಪಟದ ತಲೆಯನ್ನು ತೋರಿಸಿದಾಗ ಆಕೆ ಪ್ರಾಣ ಬಿಡುತ್ತಾಳೆ. ಅವನು ಅವಳ ಚಿತೆಯಲ್ಲೇ ಬಿದ್ದು ಸುಟ್ಟುಹೋಗುತ್ತಾನೆ. ವಿಮರ್ಶಕರು ಅದನ್ನು ದುರಂತವೆಂದು ಕರೆದು ಮರುಗಿದ್ದಾರೆ. ಒಲ್ಲದ ಹೆಣ್ಣನ್ನು ಕದ್ದವನಿಗೆ ದುರಂತ ನಾಯಕನ ಪಟ್ಟ. ತಾನಾಗಿ ಒಲಿದು ಹೋದವಳಿಗೆ ಜಾರೆಯ ಹೆಸರು. ಇದು ಜನ್ನನಿಗಿಂತ ನಮ್ಮ ಓದಿನ ಸಮಾಚಾರ ಇದ್ದೀತು.

ಶಿಕ್ಷೆಯ ಹಂಚಿಕೆಯನ್ನೂ ನೋಡಬೇಕು. ಹಿಟ್ಟಿನ ಕೋಳಿ ಕಡಿದ ತಾಯಿ ಮಗ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿಗಳಾಗಿ ಹುಟ್ಟಿ ಸಾಯುತ್ತಾರೆ. ಘೋರವೇ ಸರಿ. ಆದರೆ ಹುಟ್ಟಿದಷ್ಟು ಸಲವೂ ಅದು ಇನ್ನೊಂದು ಅವಕಾಶ. ಕಡೆಗೆ ಅಭಯರುಚಿ ಅಭಯಮತಿಯರೆಂಬ ಅಣ್ಣತಂಗಿಯರಾಗಿ, ಯಶೋಮತಿಯ ಮಕ್ಕಳಾಗಿ ಹುಟ್ಟಿ ಜಿನಮಾರ್ಗ ಹಿಡಿಯುತ್ತಾರೆ. ಅಮೃತಮತಿಗೆ ನರಕ. ತಿದ್ದಿಕೊಳ್ಳಲು ಒಂದು ನಾಯಿಯ ಜನ್ಮವನ್ನೂ ಕಥೆ ಅವಳಿಗೆ ಕೊಡುವುದಿಲ್ಲ.

ಇಷ್ಟಕ್ಕೂ ಇದನ್ನೆಲ್ಲ ಹೇಳುತ್ತಿರುವವರು ಯಾರು? ರಾಜಪುರದಲ್ಲಿ ರಾಜ ಮಾರಿದತ್ತ ಚಂಡಮಾರಿಯ ಜಾತ್ರೆಗೆ ನರಬಲಿಯ ಜೋಡಿಗಾಗಿ ಹಿಡಿತರಿಸಿದ್ದು ಇದೇ ಅಭಯರುಚಿ ಅಭಯಮತಿಯರನ್ನು. ಕತ್ತಿಯೆದುರು ನಿಂತು ಅಭಯರುಚಿ ತನ್ನ ಪೂರ್ವಜನ್ಮದ ಕಥೆ ಹೇಳುತ್ತಾನೆ. ಅಂದರೆ ಅಮೃತಮತಿಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅವಳ ಕೈಯಲ್ಲಿ ಸತ್ತ ಗಂಡನ ಹೇಳಿಕೆ. ನರಕದ ಸುದ್ದಿಯನ್ನು ಕೊಟ್ಟವನೂ ಅವನೇ.

ಹಾಗಾದರೆ ಕೆಳದಿಗೆ ರಾಣಿ ಕೊಟ್ಟ ಆ ಉತ್ತರ? ಅದು ಇಬ್ಬರು ಹೆಂಗಸರು ಗುಟ್ಟಾಗಿ ಆಡಿಕೊಂಡ ಮಾತು, ಯಶೋಧರ ಅಲ್ಲಿರಲಿಲ್ಲ. ಜಾತಿಸ್ಮರಣೆಯಿಂದ ತನ್ನ ಜನ್ಮ ನೆನಪಾಗಬಹುದು; ಇನ್ನೊಬ್ಬರ ಮಾತು ನೆನಪಾಗುವುದು ಹೇಗೆ? ಹಳೆಯ ಕಥನದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಕವಿಯ ಸ್ವಾತಂತ್ರ್ಯ ಎಂದು ದಾಟಿಬಿಡುತ್ತಾರೆ. ನನಗೆ ದಾಟಲು ಮನಸ್ಸಿಲ್ಲ. ಆ ರಾತ್ರಿ ಅವಳನ್ನು ಒಂದು ಮಾತೂ ಕೇಳದೆ ಕತ್ತಿಯನ್ನು ಒರೆಗೆ ಸೇರಿಸಿದವನು, ಅಷ್ಟು ಜನ್ಮ ಸತ್ತು ಹುಟ್ಟಿದ ಮೇಲೆ, ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೆಂದು ತಾನೇ ಊಹಿಸಿ ಪರರಾಜನ ಎದುರು ಹೇಳುತ್ತಿದ್ದಾನೆ. ಹೇಳುವಾಗ ಅವಳ ವಾದವನ್ನು ಎಲ್ಲಿಯೂ ದುರ್ಬಲ ಮಾಡಿಲ್ಲ.