ಚೀಟಿ ಬರೆಯುವ ಕೈ

ಎರಡು ವರ್ಷದ ಹಿಂದೆ ದಾವಣಗೆರೆಯಿಂದ ತಂಗಿಯ ಫೋನ್ ಬಂದಾಗ ನಾನು ಹಿಂಜೇವಾಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. "ಅಣ್ಣ, ನಿನ್ನ ಅಳಿಯ ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡ್ಕೊಂಡಿದಾನೆ. ನಿನ್ನ ಮಗನಿಗೆ ಹಾಕಿದ್ರಲ್ಲ, ಅದ್ಯಾವ ಡ್ರಾಪ್ಸು?" ಮನೆಗೆ ಹೋದವನೇ ಫ್ರಿಜ್ಜಿನ ಬಾಗಿಲಲ್ಲಿದ್ದ ಹಳೇ ಬಾಟಲಿಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಕೆಳಗೆ "ದಿನಕ್ಕೆ ನಾಲ್ಕು ಸಲ" ಅಂತಲೂ ಬರೆದೆ.

ನನ್ನ ಮಗನಿಗೆ ಡಾಕ್ಟರು ಅದನ್ನು ಬರೆದುಕೊಟ್ಟದ್ದು ಒಂದು ವಾರದ ಮಟ್ಟಿಗೆ. ಆ 'ಒಂದು ವಾರ' ನನ್ನ ಮೆಸೇಜಿನಲ್ಲಿ ಇರಲಿಲ್ಲ. ಅದು ಸ್ಟೀರಾಯ್ಡ್ ಹನಿ. ವೈದ್ಯರ ಚೀಟಿಯಿಲ್ಲದೆ ಮಾರಕೂಡದು ಎಂದು ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ. ಮೆಡಿಕಲ್ ಶಾಪಿನ ಹುಡುಗ ಮೊಬೈಲಿನ ಫೋಟೊ ನೋಡಿ ಕೊಟ್ಟ. ತುರಿಕೆ ಎರಡೇ ದಿನಕ್ಕೆ ನಿಂತಿತು. ಬಿಟ್ಟರೆ ಮತ್ತೆ ಶುರು, ಮತ್ತೆ ಹನಿ. ಹೀಗೆ ಏಳೆಂಟು ತಿಂಗಳು ನಡೆಯಿತು.

ಸ್ಟೀರಾಯ್ಡ್ ಹನಿ ಬಹಳ ದಿನ ಬಿದ್ದರೆ ಕೆಲವರಿಗೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿರುವುದಿಲ್ಲ, ಕೆಂಪಾಗುವುದಿಲ್ಲ. ಕಣ್ಣು ಚೆನ್ನಾಗಾಗಿದೆ ಎಂದೇ ಅನ್ನಿಸುತ್ತಿರುತ್ತದೆ. ಅಷ್ಟರಲ್ಲಿ ಒಳಗೆ ದೃಷ್ಟಿಯ ನರ ಸವೆಯುತ್ತಿರಬಹುದು. ಹಾಗೆ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು.

ಹುಡುಗನಿಗೆ ಬೋರ್ಡು ಸರಿಯಾಗಿ ಕಾಣುತ್ತಿಲ್ಲ ಎಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಆಪ್ಟೊಮೆಟ್ರಿಸ್ಟ್ ಹುಡುಗಿ ನಂಬರು ನೋಡುವ ಮೊದಲೇ ಕೇಳಿದಳಂತೆ, "ಕಣ್ಣಿಗೆ ಏನಾದ್ರೂ ಹಾಕ್ತಾ ಇದೀರಾ?" ಬಾಟಲಿಯ ಹೆಸರು ಕೇಳಿ ಗಾಳಿ ಊದುವ ಯಂತ್ರದಲ್ಲಿ ಒತ್ತಡ ಅಳೆದಳು. "ನಾನು ಔಷಧಿ ಬರ್ಕೊಡೋ ಹಾಗಿಲ್ಲ. ಕನ್ನಡಕ ಆಮೇಲೆ ನೋಡೋಣ, ಇವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ" ಎಂದು ಕಳಿಸಿದಳು. ನರಕ್ಕೆ ಪೆಟ್ಟಾಗಿರಲಿಲ್ಲ. ಹನಿ ನಿಲ್ಲಿಸಿದ ಮೇಲೆ ಒತ್ತಡ ನಿಧಾನಕ್ಕೆ ಇಳಿಯಿತು. ಈಗಲೂ ಆರು ತಿಂಗಳಿಗೊಮ್ಮೆ ತೋರಿಸುತ್ತಾರೆ.

ಈ ಕತೆಯಲ್ಲಿ ಔಷಧಿ ಬರೆದವನು ನಾನು, ಎಂಟೆಕ್. ಕೊಟ್ಟವನು ಮೆಡಿಕಲ್ ಶಾಪಿನ ಹುಡುಗ. ಕಣ್ಣನ್ನೇ ನಾಲ್ಕು ವರ್ಷ ಓದಿದವಳೊಬ್ಬಳು ಮಾತ್ರ ತನಗೆ ಅಧಿಕಾರವಿಲ್ಲ ಎಂದು ಪೆನ್ನು ಕೆಳಗಿಟ್ಟಳು. ನನಗೆ ಸಿಟ್ಟು ಬಂತು. ತಪ್ಪು ನನ್ನದೇ ಆದ್ದರಿಂದ ಸಿಟ್ಟು ಸ್ವಲ್ಪ ಹೆಚ್ಚೇ ಬಂತು ಅನ್ನಿ. ತಿಳಿದವರಿಗೆ ಬರೆಯುವ ಹಕ್ಕು ಕೊಟ್ಟುಬಿಟ್ಟರೆ ಆಯಿತಲ್ಲ ಎಂದು ಊಟದ ಹೊತ್ತಿಗೆ ಆಫೀಸಿನಲ್ಲಿ ಭಾಷಣ ಮಾಡಿದೆ.

ಸೋದರತ್ತೆಯ ಮಗಳೊಬ್ಬಳು ಇಂಗ್ಲೆಂಡಿನಲ್ಲಿ ಆಪ್ಟೊಮೆಟ್ರಿಸ್ಟ್. ಅಲ್ಲಿ ಈ ಹಕ್ಕು ಇದೆ. 2008ರಿಂದ ಅಲ್ಲಿನ ಆಪ್ಟೊಮೆಟ್ರಿಸ್ಟುಗಳು ಸ್ವತಂತ್ರವಾಗಿ ಔಷಧಿ ಬರೆಯಬಹುದು. ಆದರೆ ಎಲ್ಲರೂ ಅಲ್ಲ. ಮೊದಲು ಜನರಲ್ ಆಪ್ಟಿಕಲ್ ಕೌನ್ಸಿಲ್‌ನಲ್ಲಿ ಆಪ್ಟೊಮೆಟ್ರಿಸ್ಟ್ ಎಂದು ನೋಂದಣಿ ಆಗಿರಬೇಕು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ಕೋರ್ಸು, ಈಗಾಗಲೇ ಔಷಧಿ ಬರೆಯುವ ಅನುಭವಸ್ಥರೊಬ್ಬರ ಕೈಕೆಳಗೆ ಸುಮಾರು 90 ಗಂಟೆಗಳ ಕಲಿಕೆ, ಪರೀಕ್ಷೆ. ಇಷ್ಟಾದ ಮೇಲೆ ಕೌನ್ಸಿಲ್ಲಿನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇನ್ನೊಂದು ನಮೂದು ಸೇರುತ್ತದೆ. ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಆ ನಮೂದು ಸಿಕ್ಕವರು ಯಾವ ಔಷಧಿ ಬರೆಯಬಹುದು ಎಂಬುದಕ್ಕೆ ಸಣ್ಣ ಪಟ್ಟಿಯೇನೂ ಇಲ್ಲ. ಚುಚ್ಚುಮದ್ದು ಮತ್ತು ಮಾದಕ ವಸ್ತುಗಳಂಥ ನಿಯಂತ್ರಿತ ಔಷಧಿಗಳನ್ನು ಬಿಟ್ಟು, ಕಣ್ಣಿಗೂ ಅದರ ಸುತ್ತಲಿನ ಭಾಗಕ್ಕೂ ಸಂಬಂಧಿಸಿದ ಕಾಯಿಲೆಗೆ ಯಾವ ಅಧಿಕೃತ ಔಷಧಿಯನ್ನಾದರೂ ಬರೆಯಬಹುದು. ಷರತ್ತು ಒಂದೇ: ತನ್ನ ಸಾಮರ್ಥ್ಯದ ಒಳಗೆ ಇರಬೇಕು. ಆ ಗೆರೆ ಎಲ್ಲಿದೆ ಎಂದು ಬರೆಯುವವರೇ ಪ್ರತಿ ಸಲ ತೀರ್ಮಾನಿಸಬೇಕು.

"ಗ್ಲಾಕೋಮಾಕ್ಕೆ ಔಷಧಿ ಶುರು ಮಾಡೋಕೆ ಕಾನೂನು ಬಿಡತ್ತೆ ಅಣ್ಣ. ನಾನಿನ್ನೂ ಶುರು ಮಾಡಿಲ್ಲ, ಆಸ್ಪತ್ರೆಗೇ ಕಳಿಸ್ತೀನಿ" ಎಂದಳು. ಯಾಕೆ ಎಂದದ್ದಕ್ಕೆ ಟಿಮೊಲಾಲ್ ಎಂಬ ಹನಿಯ ಉದಾಹರಣೆ ಕೊಟ್ಟಳು. ಕಣ್ಣಿನ ಒತ್ತಡ ಇಳಿಸುವ ಹಳೆಯ, ಒಳ್ಳೆಯ ಔಷಧಿ. ಆದರೆ ಕಣ್ಣಿಗೆ ಬಿಟ್ಟ ಹನಿ ಮೂಗಿನ ನಾಳದಿಂದ ರಕ್ತಕ್ಕೆ ಸೇರುತ್ತದೆ. ಆಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು, ಎದೆಬಡಿತ ನಿಧಾನವಾಗಬಹುದು. ಕಣ್ಣು ಒಂದು ದ್ವೀಪವಲ್ಲ ಎಂಬುದೇ ಕಣ್ಣಿನ ವೈದ್ಯರು ಇಂಥ ಹಕ್ಕನ್ನು ವಿರೋಧಿಸುವಾಗ ಹೇಳುವ ಮುಖ್ಯ ಮಾತು. ಅಮೆರಿಕದಲ್ಲಿ 1976ರಲ್ಲಿ ವೆಸ್ಟ್ ವರ್ಜೀನಿಯಾ ಚಿಕಿತ್ಸೆಗೆ ಔಷಧಿ ಬರೆಯುವ ಅನುಮತಿ ಕೊಟ್ಟಿತು. ಗ್ಲಾಕೋಮಾ ಔಷಧಿಯ ವಿಷಯದಲ್ಲಿ ಕೊನೆಯದಾಗಿ ಉಳಿದಿದ್ದ ಮ್ಯಾಸಚೂಸೆಟ್ಸ್ ಒಪ್ಪಿದ್ದು 2021ರಲ್ಲಿ. ಅಷ್ಟು ವರ್ಷಗಳ ಜಗಳದಲ್ಲಿ ವೃತ್ತಿಯ ಹೊಟ್ಟೆಪಾಡಿನ ಲೆಕ್ಕವೂ ಇದ್ದೇ ಇತ್ತು ಎಂದು ನನ್ನ ಗುಮಾನಿ. ಹಾಗಂತ ಆಸ್ತಮಾದ ಮಾತು ಸುಳ್ಳಾಗುವುದಿಲ್ಲ.

ನಮ್ಮಲ್ಲಿ 2021ರ ಕಾಯಿದೆಯೊಂದು ಆಪ್ಟೊಮೆಟ್ರಿಸ್ಟರನ್ನೂ ಸೇರಿಸಿ ವೈದ್ಯರಲ್ಲದ ಹಲವು ಆರೋಗ್ಯ ವೃತ್ತಿಯವರಿಗೆ ರಾಷ್ಟ್ರೀಯ ಆಯೋಗ, ರಾಜ್ಯ ಮಂಡಳಿ, ನೋಂದಣಿ ಪುಸ್ತಕ ಎಂದೆಲ್ಲ ವ್ಯವಸ್ಥೆ ಮಾಡಿತು. ಔಷಧಿ ಬರೆಯುವ ಹಕ್ಕು ಬೇರೆ ಮಾತು, ಅದರಲ್ಲಿಲ್ಲ. ಮೊದಲು ಇದನ್ನು ಓದಿದಾಗ ಬರೀ ಪಟ್ಟಿಯಿಂದ ಏನು ಪ್ರಯೋಜನ ಅಂದುಕೊಂಡಿದ್ದೆ. ಈಗ ಅಷ್ಟು ಸಲೀಸಾಗಿ ಹೇಳಲಾರೆ. ಪಟ್ಟಿಗೆ ಸೇರಿದ ಹೆಸರನ್ನು ಪಟ್ಟಿಯಿಂದ ತೆಗೆಯಲೂಬಹುದು. ನನ್ನ ಹೆಸರನ್ನು ಯಾರು, ಎಲ್ಲಿಂದ ತೆಗೆಯುತ್ತಾರೆ?

ನನ್ನ ಕೆಲಸದಲ್ಲಿ ಹೊಸ ಹುಡುಗರಿಗೆ ಪ್ರೊಡಕ್ಷನ್ ಸರ್ವರಿನ ಆಕ್ಸೆಸ್ ಕೊಡುವ ಫಾರ್ಮಿಗೆ ಸಹಿ ಹಾಕುವವನು ನಾನೇ. ಏನಾದರೂ ಕೆಟ್ಟರೆ ಮೂರು ಪುಟದ ವರದಿ ತಯಾರಾಗುತ್ತದೆ. ಅದರಲ್ಲಿ 'ಪ್ರೋಸೆಸ್' ತಪ್ಪಿದೆ ಎಂದಿರುತ್ತದೆ, ಯಾರ ಹೆಸರೂ ಇರುವುದಿಲ್ಲ. ಜನ ಹೆದರದೆ ನಿಜ ಹೇಳಲಿ ಎಂದು ಹಾಗೆ ಮಾಡುತ್ತೇವೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಅಭ್ಯಾಸವೇ ನನ್ನನ್ನು ಆ ಫೋಟೊ ಕಳಿಸುವಷ್ಟು ಹಗುರ ಮಾಡಿತ್ತೋ ಏನೋ. ಕನ್ನಡಕದ ಅಂಗಡಿಯ ಆ ಹುಡುಗಿಗೆ ನಾಳೆ ಹಕ್ಕು ಸಿಗಲಿ ಎಂದೇ ನಾನು ಈಗಲೂ ಹೇಳುತ್ತೇನೆ. ಅವಳು ಹೆಚ್ಚು ಓದಿದ್ದಾಳೆ ಎಂಬುದಕ್ಕಿಂತ, ಅವತ್ತು ಕೈಗೆ ಬಂದ ಕನ್ನಡಕದ ವ್ಯಾಪಾರವನ್ನೂ ಪಕ್ಕಕ್ಕಿಟ್ಟು ಇದು ನನ್ನ ಗೆರೆಯ ಆಚೆ ಎಂದಳಲ್ಲ, ಅದಕ್ಕಾಗಿ.

ಈ ಮಾರ್ಚಿನಲ್ಲಿ ತಂಗಿ ಮತ್ತೆ ಫೋನ್ ಮಾಡಿದಳು. ತುರಿಕೆ ಶುರುವಾಗಿದೆ, ಡಾಕ್ಟರ ಅಪಾಯಿಂಟ್ಮೆಂಟು ನಾಳಿದ್ದು, ಅಲ್ಲಿಯವರೆಗೆ ಏನು ಮಾಡಲಿ ಎಂದು ಕೇಳಿದಳು. "ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡು" ಅನ್ನಲು ಬಾಯಿ ತೆರೆದವನು ಅಲ್ಲೇ ನಿಂತೆ. "ಆ ಕನ್ನಡಕದ ಅಂಗಡಿ ಹುಡುಗಿಗೆ ಒಂದು ಫೋನ್ ಮಾಡಿ ಕೇಳು" ಎಂದೆ.