ನಿದ್ರಿತನ ಹಿತಕ್ಕೆ ಪ್ರಮಾಣವಾವುದು?

'ಪ್ರಮಾಣ'ವೆಂಬ ಶಬ್ದವು ಕನ್ನಡದಲ್ಲಿ ಎರಡು ಅರ್ಥಗಳಲ್ಲಿ ರೂಢವಾಗಿದೆ. ಔಷಧದ ಪ್ರಮಾಣ, ಮಳೆಯ ಪ್ರಮಾಣ ಎನ್ನುವಾಗ ಅದಕ್ಕೆ ಅಳತೆಯೆಂದು ಅರ್ಥ. ಪ್ರತ್ಯಕ್ಷಪ್ರಮಾಣ, ಶಬ್ದಪ್ರಮಾಣ ಎನ್ನುವಾಗ ಯಥಾರ್ಥಜ್ಞಾನಕ್ಕೆ ಸಾಧನವಾದುದೆಂದು ಅರ್ಥ. ಲೋಕವ್ಯವಹಾರದಲ್ಲಿ ಇವೆರಡೂ ಬೇರೆಬೇರೆಯಾಗಿಯೇ ನಡೆಯುತ್ತವೆ. ಬಟ್ಟೆಯನ್ನು ಅಳೆಯುವವನು ತರ್ಕಶಾಸ್ತ್ರವನ್ನು ಓದಬೇಕಾಗಿಲ್ಲ, ಮೊಳಕೋಲೊಂದಿದ್ದರೆ ಸಾಕು. ಆದರೆ ಅಳತೆಯು ಎಷ್ಟೆಂದು ಗೊತ್ತುಮಾಡುವುದಕ್ಕೆ ಮೊದಲು ಯಾರ ಮಾತನ್ನು ನಂಬಬೇಕೆಂಬುದನ್ನು ಗೊತ್ತುಮಾಡಿಕೊಳ್ಳಬೇಕಾದ ಸಂದರ್ಭಗಳೂ ಉಂಟು. ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿಗೆ ಗಾಳಿಯ ಒತ್ತಡದಿಂದ ಮಾಡುವ ಚಿಕಿತ್ಸೆಯು ಅಂತಹುದು. ಅಲ್ಲಿ ಒತ್ತಡವು ಎಷ್ಟಿರಬೇಕೆಂಬ ಪ್ರಶ್ನೆಯು ಕೇವಲ ವೈದ್ಯಕ್ಕೆ ಸೇರಿದಂತೆ ತೋರಿದರೂ ಅದರೊಳಗೆ ಧರ್ಮಕ್ಕೆ ಸೇರಿದ ಪ್ರಶ್ನೆಯೊಂದು ಅಡಗಿದೆ: ತನ್ನ ಸ್ಥಿತಿಯನ್ನು ತಾನು ಕಾಣಲಾರದವನ ಹಿತವನ್ನು ಯಾರು, ಯಾವ ಆಧಾರದಿಂದ ನಿರ್ಣಯಿಸಬೇಕು?

ವ್ಯಾಧಿಯ ಸ್ವರೂಪವನ್ನು ಮೊದಲು ತಿಳಿಯುವುದು ಅವಶ್ಯಕ. ಎಚ್ಚರದಲ್ಲಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ಮಾರ್ಗವನ್ನು ತೆರೆದಿಟ್ಟಿರುತ್ತವೆ. ನಿದ್ರೆ ಬಂದೊಡನೆ ಅವು ಸಡಿಲುತ್ತವೆ. ಕೆಲವರಲ್ಲಿ, ಮಾರ್ಗವು ಹುಟ್ಟಿನಿಂದ ಇಕ್ಕಟ್ಟಾಗಿರುವುದರಿಂದಲೋ ಕೊರಳಿನ ಸುತ್ತ ಕೊಬ್ಬು ಬೆಳೆದಿರುವುದರಿಂದಲೋ, ಹೀಗೆ ಸಡಿಲಿದ ಭಿತ್ತಿಗಳು ಒಂದಕ್ಕೊಂದು ತಾಗಿ ಮಾರ್ಗವು ಮುಚ್ಚಿಹೋಗುತ್ತದೆ. ಎದೆಯು ಉಸಿರಿಗಾಗಿ ಸೆಣಸುತ್ತಿದ್ದರೂ ಗಾಳಿಯು ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕವು ಇಳಿಯುತ್ತದೆ. ಕಡೆಗೆ ಮಿದುಳು ಅರೆಕ್ಷಣ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಮಾಡುತ್ತದೆ, ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುತ್ತದೆ, ನಿದ್ರೆಯೂ ಮರಳುತ್ತದೆ, ಮತ್ತೆ ಮಾರ್ಗವು ಮುಚ್ಚುತ್ತದೆ. ಉಸಿರು ೧೦ ಸೆಕೆಂಡುಗಳಾದರೂ ನಿಂತರೆ ಅದನ್ನು ಒಂದು ಸ್ತಂಭನವೆಂದು ವೈದ್ಯರು ಎಣಿಸುತ್ತಾರೆ. ಪೂರ್ಣವಾಗಿ ನಿಂತುದನ್ನೂ ಬಹಳವಾಗಿ ಕುಗ್ಗಿದುದನ್ನೂ ಕೂಡಿಸಿ, ಗಂಟೆಗೆ ೫ಕ್ಕಿಂತ ಕಡಿಮೆಯಾದರೆ ಸಹಜವೆಂದೂ ೩೦ನ್ನು ಮುಟ್ಟಿದರೆ ವ್ಯಾಧಿಯು ತೀವ್ರವೆಂದೂ ಲೆಕ್ಕ. ಗಂಟೆಗೆ ೩೦ ಎಂದರೆ ಎರಡು ನಿಮಿಷಕ್ಕೊಮ್ಮೆ.

ಇಷ್ಟೆಲ್ಲ ನಡೆದರೂ ಬೆಳಗ್ಗೆ ಎದ್ದವನಿಗೆ ಅದರ ನೆನಪಿರುವುದಿಲ್ಲ. ಆ ಎಚ್ಚರಗಳು ನೆನಪಿನಲ್ಲಿ ನಿಲ್ಲಲಾರದಷ್ಟು ಅಲ್ಪವಾದವು. ಕಂಡವಳು ಪಕ್ಕದಲ್ಲಿ ಮಲಗಿದ ಹೆಂಡತಿ. ಗೊರಕೆಯು ತಟ್ಟನೆ ನಿಂತಾಗ ತಾನೂ ಉಸಿರು ಬಿಗಿಹಿಡಿದು, ಅದು ಮರಳುವವರೆಗೆ ಕಾಯ್ದವಳು. ಆಕೆ ಹೇಳಿದರೆ ಗಂಡನು ನಗುತ್ತಾನೆ, ಇಲ್ಲವೆ ಸಿಡುಕುತ್ತಾನೆ. 'ಹಾಸಿಗೆಗೆ ಬಿದ್ದರೆ ಬೆಳಗಾಗುವವರೆಗೆ ಎಚ್ಚರವಿಲ್ಲ, ನನಗೆಲ್ಲಿಯ ರೋಗ?' ಎಂದು ಕೇಳುತ್ತಾನೆ. ಹೆಂಗಸರಿಗೂ ಈ ವ್ಯಾಧಿಯುಂಟು. ಆಗ ನೋಡುವವರು ಯಾರು, ಅಲ್ಲಗಳೆಯುವವರು ಯಾರು ಎಂಬುದು ಅದಲುಬದಲಾಗುತ್ತದೆ, ಅಷ್ಟೆ. ಗೊರಕೆಯನ್ನು ಲೋಕವು ಗಾಢನಿದ್ರೆಯ ಗುರುತೆಂದು ತಿಳಿದು, ಕುಂಭಕರ್ಣನ ಹೆಸರಿಟ್ಟು ಹಾಸ್ಯಮಾಡುವುದರಿಂದ, ಕಾಳಜಿಯಿಂದ ಹೇಳಿದ ಮಾತೂ ದೂರಿನಂತೆ ಕೇಳಿಸುತ್ತದೆ. ಆದರೆ ಚಿಕಿತ್ಸೆಯಿಲ್ಲದ ಈ ವ್ಯಾಧಿಯು ರಕ್ತದ ಒತ್ತಡವನ್ನು ಏರಿಸುತ್ತದೆ. ಹಗಲಿನಲ್ಲಿ ಕುಳಿತಲ್ಲಿಯೇ ತೂಕಡಿಕೆಯನ್ನು ತರುತ್ತದೆ. ವಾಹನವನ್ನು ನಡೆಯಿಸುವವನಿಗೆ ಆ ತೂಕಡಿಕೆ ಬಂದರೆ ಅಪಾಯವು ಅವನೊಬ್ಬನದಲ್ಲ.

ಹಿಂದೆ ತೀವ್ರವಾದ ವ್ಯಾಧಿಗೆ ಇದ್ದ ಖಂಡಿತವಾದ ಉಪಾಯವೆಂದರೆ, ಕೊರಳಿನಲ್ಲಿ ಶ್ವಾಸನಾಳಕ್ಕೆ ರಂಧ್ರಮಾಡಿ, ಮುಚ್ಚಿಕೊಳ್ಳುವ ಮಾರ್ಗವನ್ನು ಬಿಟ್ಟು ಉಸಿರಿಗೆ ಬೇರೆ ಬಾಗಿಲನ್ನು ಕೊಡುವುದು. ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯರಾದ ಕಾಲಿನ್ ಸಲ್ಲಿವನ್ ಅವರೂ ಅವರ ಸಹೋದ್ಯೋಗಿಗಳೂ ಇದಕ್ಕಿಂತ ಸೌಮ್ಯವಾದ ಮಾರ್ಗವೊಂದನ್ನು ಕಂಡುಹಿಡಿದು ೧೯೮೧ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿಯನ್ನು ಎಡೆಬಿಡದೆ ಹಾಯಿಸಿದರೆ, ಗುಡಾರದ ಬಟ್ಟೆಯನ್ನು ಕಂಬವು ಎತ್ತಿಹಿಡಿಯುವಂತೆ, ಆ ಗಾಳಿಯು ಗಂಟಲಿನ ಭಿತ್ತಿಗಳನ್ನು ಬೇರೆಯಾಗಿ ಹಿಡಿದಿರುತ್ತದೆ. ಉಸಿರಾಡುವ ಕೆಲಸವು ರೋಗಿಯದೇ. ಯಂತ್ರವು ದಾರಿಯನ್ನು ಮಾತ್ರ ಕಾಯುತ್ತದೆ. ಒತ್ತಡವನ್ನು ನೀರಿನ ಕಂಬದ ಎತ್ತರದಿಂದ ಅಳೆಯುವುದು ವಾಡಿಕೆ. ಆ ಮೊದಲ ಐವರು ರೋಗಿಗಳಿಗೆ ಸಾಕಾದುದು ೪.೫ರಿಂದ ೧೦ ಸೆಂಟಿಮೀಟರುಗಳಷ್ಟು. ಸಮುದ್ರಮಟ್ಟದಲ್ಲಿ ವಾಯುಮಂಡಲವು ಒತ್ತುವ ಭಾರವು ಇದೇ ಲೆಕ್ಕದಲ್ಲಿ ಸುಮಾರು ೧,೦೩೩ ಸೆಂಟಿಮೀಟರು. ಎಂದರೆ ಕೊರಳನ್ನು ಕೊಯ್ಯುವ ಶಸ್ತ್ರದ ಸ್ಥಾನದಲ್ಲಿ ನಿಂತದ್ದು, ಎಲ್ಲರೂ ಹೊತ್ತಿರುವ ಗಾಳಿಯ ಭಾರದ ನೂರರಲ್ಲೊಂದು ಪಾಲು.

ಆ ಒಂದು ಪಾಲು ಒಬ್ಬೊಬ್ಬನಿಗೆ ಒಂದೊಂದು ತೆರನಾಗಿರುವುದರಿಂದ ಅದನ್ನು ಹುಡುಕಬೇಕಾಗುತ್ತದೆ. ರೋಗಿಯು ಒಂದು ರಾತ್ರಿ ನಿದ್ರಾಪರೀಕ್ಷೆಯ ಕೊಠಡಿಯಲ್ಲಿ ಮಲಗುತ್ತಾನೆ. ತಲೆ, ಎದೆ, ಬೆರಳುಗಳಿಗೆ ತಂತಿಗಳನ್ನು ಹೊಂದಿಸಿರುತ್ತಾರೆ. ಪರೀಕ್ಷಕನು ಬೇರೊಂದು ಕೊಠಡಿಯಲ್ಲಿ ಎಚ್ಚರವಿದ್ದು ನೋಡುತ್ತಾನೆ. 'ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್' ಎಂಬ ಸಂಸ್ಥೆಯು ೨೦೦೮ರಲ್ಲಿ ಇದಕ್ಕೆ ಕ್ರಮವನ್ನು ವಿಧಿಸಿತು. ಪ್ರಾಯದವರಿಗೆ ೪ ಸೆಂಟಿಮೀಟರಿನಿಂದ ಆರಂಭ, ಎರಡು ಸ್ತಂಭನಗಳನ್ನಾಗಲಿ ಮೂರು ನಿಮಿಷಗಳ ಜೋರಾದ ಗೊರಕೆಯನ್ನಾಗಲಿ ಕಂಡರೆ ೧ ಸೆಂಟಿಮೀಟರಿನಷ್ಟಾದರೂ ಏರಿಸಬೇಕು, ಒಂದು ಏರಿಕೆಗೂ ಇನ್ನೊಂದಕ್ಕೂ ಐದು ನಿಮಿಷಗಳಾದರೂ ಕಾಯಬೇಕು, ೨೦ ಮೇರೆ. ಅಂಗಾತ ಮಲಗಿದಾಗಲೂ ಕನಸುಗಳು ಹೆಚ್ಚಾಗಿ ಬೀಳುವ ಹಂತದಲ್ಲಿಯೂ ಗಂಟಲು ಅತಿಯಾಗಿ ಕುಸಿಯುವುದರಿಂದ, ಆ ಎರಡೂ ಕೂಡಿದ ಹೊತ್ತಿನಲ್ಲಿ ಮಾರ್ಗವು ತೆರೆದಿದ್ದರೆ ಮಾತ್ರ ಆ ಒತ್ತಡವು ತಕ್ಕುದೆಂದು ನಿಶ್ಚಯ. ಈ ಕ್ರಮದಲ್ಲಿಯೇ ಇನ್ನೊಂದು ವಿಧಿಯುಂಟು: ರೋಗಿಯು ನಡುವೆ ಎಚ್ಚತ್ತು ಒತ್ತಡವು ಹೆಚ್ಚಾಯಿತೆಂದು ಹೇಳಿದರೆ, ಮರಳಿ ನಿದ್ರಿಸಲು ಸಾಧ್ಯವೆಂದು ಅವನು ಹೇಳುವವರೆಗೆ ಅದನ್ನು ಇಳಿಸಬೇಕು. ರಾತ್ರಿಯೆಲ್ಲ ಕಣ್ಣಿಟ್ಟು ನೋಡಿದವನ ಲೆಕ್ಕವು, ಆಗತಾನೆ ಕಣ್ಣುತೆರೆದವನ ಒಂದು ಮಾತಿಗೆ ದಾರಿಬಿಡಬೇಕು. ಇದೇಕೆ ಹೀಗೆ ಎಂಬುದನ್ನು ವಿಚಾರಿಸಬೇಕಾಗಿದೆ.

ತನ್ನ ದೇಹದ ವಿಷಯದಲ್ಲಿ ತಾನೇ ಪ್ರಮಾಣವೆಂಬುದು ಒಂದು ಪಕ್ಷ. ನೋವು ತನ್ನದು, ಹಸಿವು ತನ್ನದು. ನಿದ್ರೆಯೂ ತನ್ನದೇ ಅಲ್ಲವೆ? ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎಂದು ಎದ್ದವನಿಗೆ ಆಗುವ ಸ್ಮರಣೆಯನ್ನು ಹಿಡಿದೇ ವೇದಾಂತಿಗಳು ಸುಷುಪ್ತಿಯಲ್ಲಿಯೂ ಸಾಕ್ಷಿಯೊಂದು ಇತ್ತೆಂದು ಸಾಧಿಸುತ್ತಾರೆ. ಹಾಗಿದ್ದಲ್ಲಿ ಆ ಸ್ಮರಣೆಯನ್ನು ಅಲ್ಲಗಳೆಯಲು ಹೆಂಡತಿಗಾಗಲಿ ಪರೀಕ್ಷಕನಿಗಾಗಲಿ ಏನಧಿಕಾರವೆಂದು ಕೇಳಬಹುದು. ಆದರೆ ಆ ವಾದವು ಸಾಧಿಸುವುದು ಅಷ್ಟನ್ನೇ. ಏನೂ ತಿಳಿಯಲಿಲ್ಲವೆಂಬುದಕ್ಕೆ ಸಾಕ್ಷಿಯಾದುದು, ಉಸಿರು ನಿಲ್ಲಲಿಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು. ಅಜ್ಞಾನವನ್ನು ಬಲ್ಲವನು ಗಂಟಲನ್ನು ಬಲ್ಲನೆಂದು ಹೇಳುವಂತಿಲ್ಲ.

ಹಾಗೆಂದು ಎದ್ದವನ ಮಾತು ವ್ಯರ್ಥವೂ ಅಲ್ಲ. ಯೋಗಸೂತ್ರಗಳಿಗೆ ವ್ಯಾಸರದೆಂದು ಪ್ರಸಿದ್ಧವಾದ ಭಾಷ್ಯವು ನಿದ್ರೆಯನ್ನು ವಿಚಾರಮಾಡುವಾಗ ಎದ್ದವರ ಅನುಭವವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಸುಖವಾಗಿ ಮಲಗಿ ಪ್ರಸನ್ನಮನಸ್ಸಿನಿಂದ ಏಳುವುದು, ದುಃಖದಿಂದ ಮಲಗಿ ಚಂಚಲಮನಸ್ಸಿನಿಂದ ಏಳುವುದು, ಮೂಢನಂತೆ ಗಾಢವಾಗಿ ಮಲಗಿ, ಮೈ ಭಾರವಾಗಿ, ಚಿತ್ತವನ್ನು ಯಾರೋ ಅಪಹರಿಸಿದಂತಾಗಿ ಏಳುವುದು. ಈ ಮೂರನೆಯದನ್ನು ಓದಿದವರಿಗೆ ಉಸಿರು ಕಟ್ಟುವ ರೋಗಿಯ ಮುಂಜಾನೆಯು ಕಣ್ಣಮುಂದೆ ನಿಲ್ಲುತ್ತದೆ. ಗಾಢವಾಗಿ ಮಲಗಿದ್ದೆನೆಂದು ಅವನು ಹೇಳುವುದು ಸುಳ್ಳಲ್ಲ. ಗಾಢವಾದುದೆಲ್ಲ ಸುಖವೆಂದು ತಿಳಿದದ್ದು ತಪ್ಪು. ಆದುದರಿಂದ ಹೀಗೆ ವಿಭಾಗಿಸುವುದು ಯುಕ್ತ: ರಾತ್ರಿಯಲ್ಲಿ ನಡೆದ ಸಂಗತಿಗೆ ನೋಡಿದವರು ಪ್ರಮಾಣ, ಅದರ ಫಲಕ್ಕೆ ಎದ್ದವನು ಪ್ರಮಾಣ. ಒಬ್ಬರಿಗೆ ತಿಳಿದುದು ಇನ್ನೊಬ್ಬರಿಗೆ ತಿಳಿಯುವ ಬೇರೆ ಉಪಾಯವಿಲ್ಲ.

ಇನ್ನು ಎರಡನೆಯ ಪಕ್ಷ. ರೋಗಿಯು ಕಾಣಲಾರನೆಂದಮೇಲೆ ಕಂಡವರಿಗೇ ಸರ್ವಾಧಿಕಾರವಿರಲಿ. ೭ ಸಾಕಾದರೆ ೧೨ ಇನ್ನೂ ಕ್ಷೇಮವಲ್ಲವೆ ಎಂದು ಹಿತೈಷಿಗಳಿಗೆ ತೋರುವುದು ಸಹಜ. ಒಳ್ಳೆಯದು ಹೆಚ್ಚಿದಷ್ಟೂ ಒಳ್ಳೆಯದೆಂಬ ಭ್ರಮೆಯು ಪ್ರೀತಿಯುಳ್ಳವರಲ್ಲಿಯೇ ಹೆಚ್ಚು. ಆದರೆ ಒತ್ತಡವು ಮಿತಿಮೀರಿದರೆ ಗಾಳಿಯು ಕವಚದ ಅಂಚಿನಿಂದ ಸೋರಿ ಕಣ್ಣಿಗೆ ಬಡಿಯುತ್ತದೆ, ಬಾಯಿ ಒಣಗುತ್ತದೆ, ಗಾಳಿಯನ್ನು ನುಂಗಿ ಹೊಟ್ಟೆಯುಬ್ಬುತ್ತದೆ, ನಿದ್ರೆ ಒಡೆಯುತ್ತದೆ. ಕೆಲವರಲ್ಲಿ, ಮಾರ್ಗವು ತೆರೆದಿದ್ದರೂ ಉಸಿರಾಡೆಂಬ ಅಪ್ಪಣೆಯೇ ಮಿದುಳಿನಿಂದ ಹೊರಡದೆ ಉಸಿರು ನಿಲ್ಲುವುದೂ ಉಂಟು. ತೆರೆಯಲೆಂದು ಕೊಟ್ಟ ಗಾಳಿಯೇ ಆಗ ಬೇರೊಂದು ತಡೆಗೆ ನಿಮಿತ್ತವಾಗುತ್ತದೆ. ಇವೆಲ್ಲಕ್ಕೂ ಮಿಗಿಲಾದುದೊಂದಿದೆ. ಸಹಿಸಲಾರದವನು ಕವಚವನ್ನು ಕಿತ್ತು ಕಪಾಟಿನಲ್ಲಿಡುತ್ತಾನೆ. ಕಪಾಟಿನಲ್ಲಿರುವ ಯಂತ್ರದ ಒತ್ತಡವು ಸೊನ್ನೆ. ನೋಡುವವರಿಗೆ ಸರಿಯಾಗಿ ಕಂಡ ಅಳತೆಯನ್ನು ಧರಿಸಬೇಕಾದವನು ರೋಗಿ. ಅವನು ಧರಿಸಲಾರದ ಅಳತೆಯು ಕಾಗದದಲ್ಲಿ ಎಷ್ಟು ಯಥಾರ್ಥವಾಗಿದ್ದರೂ ಹಿತವೆನಿಸದು.

ಆದಕಾರಣ ತಕ್ಕ ಒತ್ತಡವೆಂದರೆ, ದಾರಿಯನ್ನು ತೆರೆದಿಡಲು ಸಾಕಾಗುವವುಗಳಲ್ಲಿ ಅತ್ಯಲ್ಪವಾದುದು ಎಂದು ಹೇಳಬೇಕಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಉಪೇಕ್ಷೆ, ಹೆಚ್ಚಾದರೆ ಬಲಾತ್ಕಾರ. 'ಸಾಕು' ಎಂಬುದರ ಒಂದು ಅಂಚನ್ನು ನೋಡುವವನು ಬಲ್ಲನು, ಇನ್ನೊಂದನ್ನು ಮಲಗಿದವನು ಬಲ್ಲನು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಹಾರದ ಮಾತ್ರೆಯನ್ನು ಹೇಳುವ ಅಧ್ಯಾಯವೂ ಎಲ್ಲರಿಗೂ ಒಂದೇ ತೂಕವನ್ನು ವಿಧಿಸದೆ, ಉಣ್ಣುವವನ ಅಗ್ನಿಬಲವನ್ನು ನೋಡಿ ಮಾತ್ರೆಯನ್ನು ತಿಳಿಯಬೇಕೆಂದಿದೆ. ಇದಲ್ಲದೆ, ಒಮ್ಮೆ ಕಂಡ ಮಾತ್ರೆಯು ಶಾಶ್ವತವೂ ಅಲ್ಲ. ಮೈ ಬೆಳೆದರೆ ಒತ್ತಡವು ಹೆಚ್ಚಬೇಕಾಗಬಹುದು, ಇಳಿದರೆ ಕಡಿಮೆಯಾಗಬಹುದು. ಮದ್ಯವನ್ನು ಸೇವಿಸಿದ ರಾತ್ರಿ ಗಂಟಲು ಇನ್ನಷ್ಟು ಸಡಿಲುತ್ತದೆ.

ಈಗ ಉಸಿರಿನ ಹರಿವನ್ನೂ ಗೊರಕೆಯ ಕಂಪನವನ್ನೂ ತಾನೇ ಗಮನಿಸಿ ಒತ್ತಡವನ್ನು ಏರಿಸಿ ಇಳಿಸುವ ಯಂತ್ರಗಳು ಬಳಕೆಯಲ್ಲಿವೆ. ಅವು ಮನೆಯ ಹಾಸಿಗೆಯ ಬಳಿಯಲ್ಲಿಯೇ ಪ್ರತಿರಾತ್ರಿಯ ಲೆಕ್ಕವನ್ನು ಬರೆದಿಡುತ್ತವೆ. ಇಂತಹ ಯಂತ್ರವಿರುವಾಗ ಮನುಷ್ಯರ ಸಾಕ್ಷ್ಯವೇಕೆಂದು ಕೇಳಬಹುದು. ಯಂತ್ರವು ಬೇಸರವಿಲ್ಲದ ಸಾಕ್ಷಿಯೆಂಬುದು ನಿಜ. ಆದರೆ ಅದು ನೋಡುವುದು ರಾತ್ರಿಯನ್ನು ಮಾತ್ರ. ಮಧ್ಯಾಹ್ನ ಓದುತ್ತ ಕುಳಿತವನ ತಲೆಯು ಪುಸ್ತಕದ ಮೇಲೆ ವಾಲಿತೆ, ಇಲ್ಲವೆ ಎಂಬುದು ಅದರ ಲೆಕ್ಕಕ್ಕೆ ಸಿಕ್ಕದು. ಸಂಖ್ಯೆಯು ಇಳಿದಿದ್ದರೂ ಮುಖದಲ್ಲಿ ಆಯಾಸವು ಉಳಿದಿದ್ದರೆ, ಆ ಮುಖವನ್ನೂ ಸಾಕ್ಷ್ಯವಾಗಿ ಸ್ವೀಕರಿಸಿ ವೈದ್ಯನು ಮತ್ತೆ ವಿಚಾರಿಸಬೇಕು.

ಮನುಷ್ಯನು ತನ್ನ ಆಯುಸ್ಸಿನ ಸುಮಾರು ಮೂರರಲ್ಲೊಂದು ಭಾಗವನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಅಷ್ಟು ಕಾಲ ತನ್ನ ವಿಷಯದಲ್ಲಿ ತಾನು ಸಾಕ್ಷ್ಯ ಹೇಳಲಾರನೆಂಬುದನ್ನು ಒಪ್ಪಿಕೊಳ್ಳುವುದು ವಿವೇಕವುಳ್ಳವರಿಗೂ ಕಷ್ಟವೇ. ಹಗಲಿನಲ್ಲಿ ಮನೆಯನ್ನೆಲ್ಲ ನಡೆಸುವವನಿಗೆ, ರಾತ್ರಿ ತನ್ನ ಉಸಿರಿನ ಕಥೆಯನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಹಿತವೆನಿಸದು. ಕೇಳಿದರೆ ಅವನ ಗೌರವಕ್ಕೆ ಕುಂದಿಲ್ಲ. ಎಚ್ಚರದಲ್ಲಿದ್ದು ಯೋಚಿಸಿ ಕೊಟ್ಟ ಒಪ್ಪಿಗೆಯೇ ನಿದ್ರೆಯಲ್ಲಿ ಅವನನ್ನು ಕಾಯುವುದು. ಹೇಳುವವರಿಗೂ ಒಂದು ಧರ್ಮವಿದೆ: ಕಂಡುದನ್ನು ಕಂಡಷ್ಟೇ ಹೇಳುವುದು, ಪರಿಹಾಸವನ್ನೂ ಭಯಪಡಿಸುವುದನ್ನೂ ಬಿಡುವುದು, ಕವಚವನ್ನು ಕಟ್ಟಿಕೊಂಡವನು ಉಸಿರುಕಟ್ಟುತ್ತದೆಂದರೆ ಹಠವೆಂದು ತಳ್ಳಿಹಾಕದಿರುವುದು. ಇಂತಹ ಮನೆಯಲ್ಲಿ ವೈದ್ಯನ ಬಳಿಗೆ ಗಂಡಹೆಂಡಿರು ಕೂಡಿಯೇ ಹೋಗುವುದು ಮೇಲು. ರಾತ್ರಿ ಹೇಗಿತ್ತೆಂದು ಒಬ್ಬರು ಹೇಳಲಿ, ಬೆಳಗು ಹೇಗಿತ್ತೆಂದು ಇನ್ನೊಬ್ಬರು ಹೇಳಲಿ. ಎರಡನ್ನೂ ಕೇಳಿ ವೈದ್ಯನು ಒತ್ತಡವನ್ನು ಗೊತ್ತುಮಾಡಲಿ.